ಊರು ಅಲ್ಲೇ ಇತ್ತು, ಜಿಲ್ಲೆ ಬದಲಾಯಿತು

ಆದೋನಿ, ಆಲೂರು ಸೀಮೆಯ ಕನ್ನಡ ಮನೆತನಗಳು ತಮ್ಮ ಹಿರೀಕರನ್ನು ಹುಡುಕುವುದು ಹೇಗೆ? ಮೂರು ರಾಜ್ಯಗಳಿಗೆ ಹಂಚಿಹೋದ ಕಡತಗಳು, ಮನೆಯ ಟ್ರಂಕಿನ ಕಾಗದಗಳು ಮತ್ತು ಉಚಿತವಾಗಿ ಸಿಗುವ ತಂತ್ರಾಂಶಗಳ ಸುತ್ತ ಒಂದು ನೋಟ

ಆದೋನಿಯ ಒಂದೇ ಮನೆಯಲ್ಲಿ ಹುಟ್ಟಿದ ಮೂವರು ಒಡಹುಟ್ಟಿದವರನ್ನು ನೆನೆಯಿರಿ. 1950ರಲ್ಲಿ ಹುಟ್ಟಿದ ಅಣ್ಣನದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ. 1954ರಲ್ಲಿ ಹುಟ್ಟಿದ ಅಕ್ಕನದು ಆಂಧ್ರ ರಾಜ್ಯದ ಕರ್ನೂಲು ಜಿಲ್ಲೆ. 1957ರಲ್ಲಿ ಹುಟ್ಟಿದ ತಮ್ಮನದು ಆಂಧ್ರಪ್ರದೇಶ. ಹೆರಿಗೆಯಾದ ಕೋಣೆ ಅದೇ, ಸೂಲಗಿತ್ತಿ ಅವಳೇ, ತೊಟ್ಟಿಲೂ ಅದೇ. ಕಾಗದದಲ್ಲಿ ಮಾತ್ರ ಮೂವರೂ ಬೇರೆ ಬೇರೆ ರಾಜ್ಯದವರು.

ಇಂಥ ಮನೆಯ ಮೊಮ್ಮಗಳೊಬ್ಬಳು ಇವತ್ತು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕುಳಿತು ಮುತ್ತಜ್ಜನ ಹೆಸರು ಹುಡುಕುತ್ತಾಳೆ. ‘ಕರ್ನೂಲು’ ಎಂದು ಟೈಪಿಸಿದರೆ ಏನೂ ಸಿಗುವುದಿಲ್ಲ. ಸಿಗದಿರುವುದಕ್ಕೆ ಕಾರಣ ಸರಳ: ಮುತ್ತಜ್ಜ ಬದುಕಿದ್ದಷ್ಟು ಕಾಲ ಆದೋನಿ ಕರ್ನೂಲಿಗೆ ಸೇರಿರಲೇ ಇಲ್ಲ. ಅವನ ಹೆಸರು ಇದ್ದರೆ ಬಳ್ಳಾರಿಯ ಕಡತದಲ್ಲಿರಬೇಕು, ಆ ಕಡತ ಮದ್ರಾಸಿನಲ್ಲಿರಬೇಕು.

ವಂಶವೃಕ್ಷ ಬರೆಯುವ ತಂತ್ರಾಂಶಗಳು, ಹಳೆಯ ದಾಖಲೆ ತೋರಿಸುವ ಜಾಲತಾಣಗಳು ಈಗ ಕಾಸಿಲ್ಲದೆ ಸಿಗುತ್ತವೆ. ಆದರೆ ಆದೋನಿ ಸೀಮೆಯಲ್ಲಿ ಅವು ಉಪಯೋಗಕ್ಕೆ ಬರಬೇಕಾದರೆ ಮನೆತನದ ಚರಿತ್ರೆಗಿಂತ ಮೊದಲು ಊರಿನ ಚರಿತ್ರೆ ತಿಳಿದಿರಬೇಕು. ಇನ್ನೊಂದು ಮಾತೂ ಅಷ್ಟೇ ಮುಖ್ಯ. ಈ ಸೀಮೆಯ ಹಳೆಯ ಕಾಗದಗಳನ್ನು ಕನ್ನಡದಲ್ಲಿ ಓದಿ, ಅದರಲ್ಲಿರುವವರು ಯಾರೆಂದು ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ಮೊದಲು ಊರಿನ ಲೆಕ್ಕ

1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲ ಎಂಬ ಹೆಸರು ಬಂದದ್ದು ಆಗ. ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೊ 1807ರವರೆಗೆ ಇಲ್ಲಿದ್ದು, ಹೊಲಗಳನ್ನು ಅಳೆಸಿ, ರೈತನ ಹೆಸರಿಗೇ ನೇರವಾಗಿ ಕಂದಾಯ ಕಟ್ಟುವ ರೈತವಾರಿ ಪದ್ಧತಿಗೆ ತಳಹದಿ ಹಾಕಿದ. ಮುಂದೆ 1827ರ ಜುಲೈ 6ರಂದು, ಮದ್ರಾಸಿನ ಗವರ್ನರ್ ಆಗಿದ್ದಾಗ, ಕಾಲರಾ ತಗುಲಿ ಅವನು ತೀರಿಕೊಂಡದ್ದೂ ಇದೇ ಸೀಮೆಯ ಪತ್ತಿಕೊಂಡದಲ್ಲಿ. ರೈತವಾರಿಯ ದೆಸೆಯಿಂದ ಸಾಮಾನ್ಯ ಒಕ್ಕಲಿಗನ ಹೆಸರೂ ಸರ್ಕಾರಿ ಲೆಕ್ಕದಲ್ಲಿ ಕಾಣಿಸತೊಡಗಿತು. ರಾಜರ, ಪಾಳೆಯಗಾರರ ವಂಶಾವಳಿ ಮಾತ್ರ ಬರಹದಲ್ಲಿದ್ದ ಕಾಲದಿಂದ ಇದು ದೊಡ್ಡ ಹೆಜ್ಜೆ.

1808ರಲ್ಲಿ ದತ್ತಮಂಡಲವನ್ನು ಬಳ್ಳಾರಿ ಮತ್ತು ಕಡಪ ಎಂದು ಎರಡು ಜಿಲ್ಲೆ ಮಾಡಿದರು. ಆದೋನಿ, ಆಲೂರು ಬಳ್ಳಾರಿಯ ಪಾಲಾದವು. ಪಕ್ಕದ ಪತ್ತಿಕೊಂಡ 1858ರಲ್ಲಿ ಕರ್ನೂಲು ಜಿಲ್ಲೆ ರೂಪುಗೊಂಡಾಗ ಅದಕ್ಕೆ ಹೋಯಿತು. ತುಂಗಭದ್ರೆಯ ಆಚೆ ದಡದ ರಾಯಚೂರು 1948ರವರೆಗೂ ನಿಜಾಮನ ರಾಜ್ಯ. ಹೀಗಾಗಿ ಆದೋನಿಯ ಮಗನಿಗೆ ಪತ್ತಿಕೊಂಡದ ಹೆಣ್ಣು ತಂದು, ಮಗಳನ್ನು ರಾಯಚೂರಿನ ಕಡೆ ಕೊಟ್ಟಿದ್ದರೆ, ಆ ಒಂದು ತಲೆಮಾರಿನ ಕಾಗದಗಳು ಮೂರು ಆಡಳಿತಗಳಲ್ಲಿ ಚದುರಿರುತ್ತವೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರು ರಾಜ್ಯಕ್ಕೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಹೋದರೆ, ಆದೋನಿ ಮತ್ತು ಆಲೂರು ಕರ್ನೂಲಿಗೆ ಬಂದವು. ಬಳ್ಳಾರಿ ತಾಲ್ಲೂಕು ಯಾವ ರಾಜ್ಯಕ್ಕೆ ಎಂಬ ಜಗಳವನ್ನು ನ್ಯಾಯಮೂರ್ತಿ ಮಿಶ್ರಾ ಆಯೋಗ ವಿಚಾರಿಸಿದ್ದು ಹಲವರಿಗೆ ನೆನಪಿದೆ. ಆದೋನಿ, ಆಲೂರಿನ ಕನ್ನಡಿಗರು ಆಚೆಯೇ ಉಳಿದದ್ದು ಅಷ್ಟಾಗಿ ಯಾರ ಮಾತಿನಲ್ಲೂ ಬರುವುದಿಲ್ಲ. 1956ರಲ್ಲಿ ಆಂಧ್ರಪ್ರದೇಶವಾಯಿತು, 2014ರಲ್ಲಿ ತೆಲಂಗಾಣ ಬೇರೆಯಾಯಿತು, 2022ರ ಏಪ್ರಿಲ್‌ನಲ್ಲಿ ಕರ್ನೂಲಿನಿಂದ ನಂದ್ಯಾಲ ಜಿಲ್ಲೆ ಬೇರ್ಪಟ್ಟಿತು. ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರವಿ, ಚಿಪ್ಪಗಿರಿಗಳು ಇಷ್ಟೆಲ್ಲ ಕಾಲವೂ ತಮ್ಮ ಜಾಗದಲ್ಲೇ ಇದ್ದವು.

ಆದ್ದರಿಂದ ಹುಡುಕಾಟಕ್ಕೆ ಕೂರುವ ಮುನ್ನ ಒಂದು ಹಾಳೆಯಲ್ಲಿ ನಿಮ್ಮ ಊರಿನ ಹೆಸರು ಬರೆದು, ಯಾವ ಕಾಲದಲ್ಲಿ ಅದು ಯಾವ ತಾಲ್ಲೂಕು, ಯಾವ ಜಿಲ್ಲೆ, ಯಾವ ರಾಜ್ಯಕ್ಕೆ ಸೇರಿತ್ತು ಎಂದು ಗುರುತು ಹಾಕಿಕೊಳ್ಳಿ. ಹೆಸರಿನ ಕಾಗುಣಿತವೂ ಬದಲಾಗಿದೆ. ಆದೋನಿಯನ್ನು ಕನ್ನಡಿಗರು ಆದವಾನಿ ಎಂದರೆ, ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಅದು ಅಡ್ವಾನಿ. ಮೊಗಲರ ಕಾಲದ ಫಾರಸಿ ಕಾಗದಗಳಲ್ಲಿ ಇಮ್ತಿಯಾಜ್‌ಗಢ. ಒಂದೇ ಕಾಗುಣಿತಕ್ಕೆ ಜೋತುಬಿದ್ದವರಿಗೆ ಅರ್ಧ ದಾಖಲೆಗಳು ಕಣ್ಣಿಗೇ ಬೀಳುವುದಿಲ್ಲ.

ಟ್ರಂಕಿನಲ್ಲಿರುವ ಕಡತ

ಅಂತರ್ಜಾಲಕ್ಕೆ ಹೋಗುವ ಮೊದಲು ಮನೆಯಲ್ಲಿ ಹುಡುಕಬೇಕು. ಮದುವೆಯಲ್ಲಿ ಮುಯ್ಯಿ ಬರೆದ ಪುಸ್ತಕ ಇದ್ದರೆ ಅದೊಂದೇ ಅರ್ಧ ವಂಶವೃಕ್ಷ. ಯಾವ ಊರಿನಿಂದ ಯಾರು ಬಂದರು, ಯಾವ ಸಂಬಂಧಕ್ಕೆ ಏನು ಕೊಟ್ಟರು ಎಂಬುದೆಲ್ಲ ಅದರಲ್ಲಿರುತ್ತದೆ. ಲಗ್ನಪತ್ರಿಕೆ, ತಿಥಿಯ ಕಾರ್ಡು, ಜಾತಕ, ಶಾಲೆಯ ಟೀಸಿ, ಹಳೆಯ ಪಟ್ಟಾ ಪುಸ್ತಕ, ಕಂದಾಯ ಕಟ್ಟಿದ ರಸೀದಿ, ಕ್ರಯಪತ್ರ, ರೇಷನ್ ಕಾರ್ಡು, ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಬರೆದ ಹೆಸರು, ಇವನ್ನು ಒಂದೊಂದಾಗಿ ಹಗಲು ಬೆಳಕಿನಲ್ಲಿ ಫೋನಿನಿಂದ ಸ್ಕ್ಯಾನ್ ಮಾಡಿ. ಹಿಂಬದಿಯನ್ನೂ ತೆಗೆಯಿರಿ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯದಿಂದ ಕರ್ನೂಲಿನವರೆಗೆ ಮನೆಗಳಿಗೆ ನುಗ್ಗಿದಾಗ ಎಂಥೆಂಥ ಕಾಗದಗಳು ನೀರುಪಾಲಾದವು ಎಂಬುದು ನದಿದಂಡೆಯ ಊರಿನವರಿಗೆ ಗೊತ್ತು. ಒಂದು ಪ್ರತಿ ಬೇರೆ ಊರಿನಲ್ಲಿರುವ ನೆಂಟರ ಫೋನಿನಲ್ಲೂ ಇರಲಿ.

ಆಮೇಲೆ ಹಿರಿಯರ ಮಾತು. ಅವರಿಗೆ ಇಸವಿ ಕೇಳಿದರೆ ಉತ್ತರ ಸಿಗುವುದು ಕಡಿಮೆ. ಘಟನೆ ಕೇಳಿದರೆ, ಸಂವತ್ಸರ ಕೇಳಿದರೆ ಸಿಗುತ್ತದೆ. ಧಾತು ಸಂವತ್ಸರದ ಬರ ಎಂದರೆ 1876–77. ಅದರ ಮರುವರ್ಷ ಈಶ್ವರ. ಆ ಬರದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು, ಊರು ಬಿಟ್ಟು ಹೋದ ಮನೆತನಗಳ ಕಥೆ ಹಲವು ಕಡೆ ಅಲ್ಲಿಂದಲೇ ಶುರುವಾಗುತ್ತದೆ. ಇನ್‌ಫ್ಲುಯೆಂಜಾ ಜ್ವರ ಬಂದ ಕಾಳಯುಕ್ತಿ ಎಂದರೆ 1918–19. ಆದೋನಿ ಆಂಧ್ರಕ್ಕೆ ಸೇರಿದ ವರ್ಷ ವಿಜಯ. ‘ರಜಾಕಾರರ ಗಲಾಟೆಯಾಗ ನಾನು ತೊಟ್ಟಿಲಾಗ ಇದ್ದೆ’ ಎಂದು ಅಜ್ಜಿ ಹೇಳಿದರೆ ಅದು 1947–48ರ ಆಸುಪಾಸು. ‘ಡ್ಯಾಮಿನ ಕೆಲಸಕ್ಕೆ ಅಪ್ಪ ಹೋಗಿದ್ದ’ ಎಂದರೆ ತುಂಗಭದ್ರಾ ಅಣೆಕಟ್ಟು ಕಟ್ಟುತ್ತಿದ್ದ 1945ರಿಂದ 1953ರ ನಡುವೆ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಧಾತು ಎಂದಷ್ಟೇ ಹೇಳಿದರೆ 1876ರದೋ 1936ರದೋ ಎಂದು ಜೊತೆಯ ಸಂಗತಿಗಳಿಂದ ತೂಗಿ ನೋಡಬೇಕು.

ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ತಾತ, ಮುತ್ತಾತ ಎಂದು ಮೂರು ತಲೆಮಾರಿನ ಹೆಸರು ಗೋತ್ರದೊಂದಿಗೆ ಬಾಯಿಪಾಠ ಇರುತ್ತದೆ. ಮುಸ್ಲಿಂ ಮನೆಗಳಲ್ಲಿ ವಂಶಾವಳಿ ಬರೆದ ಶಜರಾ ಇರಬಹುದು, ಖಾಜಿಯವರ ನಿಕಾಹ್ ದಫ್ತರದಲ್ಲಿ ವಧೂವರರ ತಂದೆಯರ ಹೆಸರು ಸಿಗುತ್ತದೆ. ಎಮ್ಮಿಗನೂರಿನ ನೇಕಾರರಿಗೆ 1938ರಲ್ಲಿ ಮಾಚಾನಿ ಸೋಮಪ್ಪನವರು ಕಟ್ಟಿದ ಸಹಕಾರ ಸಂಘ ಇನ್ನೊಂದು ದಿಕ್ಕು. ಯಾವುದೇ ಸಹಕಾರ ಸಂಘದಲ್ಲಿ ಸದಸ್ಯರ ರಿಜಿಸ್ಟರು, ನಾಮಿನಿಯ ಹೆಸರು ಇರಲೇಬೇಕು.

ಈ ಸೀಮೆಯಲ್ಲಿ ಹೆಸರುಗಳೇ ಗೊಂದಲಕ್ಕೆ ಕಾರಣವಾಗುವುದುಂಟು. ಉರುಕುಂದ ಈರಣ್ಣ ದೇವರ ಒಕ್ಕಲಿನ ಮನೆಯಲ್ಲಿ ತಲೆಮಾರಿಗೊಬ್ಬ ಈರಣ್ಣ. ತಾತನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ. ಅಣ್ಣತಮ್ಮಂದಿರಿಬ್ಬರ ಮಕ್ಕಳಿಗೂ ಅದೇ ಹೆಸರು. ಕನ್ನಡದ ಕಾಗದದಲ್ಲಿ ಊರು ಮತ್ತು ಅಪ್ಪನ ಹೆಸರು ಮುಂದೆ ಬಂದರೆ, ತೆಲುಗು ಕಾಗದದಲ್ಲಿ ಮನೆತನದ ಹೆಸರು, ಅವರು ‘ಇಂಟಿಪೇರು’ ಎನ್ನುವುದು, ಮೊದಲು ಬರುತ್ತದೆ. ಹೀಗೆ ಒಬ್ಬನೇ ಮನುಷ್ಯ ಎರಡು ಭಾಷೆಯ ಕಾಗದಗಳಲ್ಲಿ ಇಬ್ಬರಾಗಿ ಕಾಣುತ್ತಾನೆ. ಇಬ್ಬರು ಒಬ್ಬನೇ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಹೆಸರು ಸಾಲದು. ಹೆಂಡತಿಯ ಹೆಸರು, ಹೊಲದ ಸರ್ವೆ ನಂಬರು, ಮನೆ ಇದ್ದ ಓಣಿ ಕೂಡಿ ಬರಬೇಕು.

ಹೆಳವರ ಪುಸ್ತಕ

ವಂಶಾವಳಿ ಬರೆದಿಡುವುದನ್ನೇ ಕುಲವೃತ್ತಿ ಮಾಡಿಕೊಂಡ ಸಮುದಾಯವೊಂದು ನಮ್ಮಲ್ಲೇ ಇದೆ. ಉತ್ತರ ಕರ್ನಾಟಕದಲ್ಲಿ ಅವರು ಹೆಳವರು, ಆಂಧ್ರದಲ್ಲಿ ಪಿಚ್ಚಿಗುಂಟ್ಲರು. ಆಂಧ್ರದಲ್ಲಿ ಈಗ ಅವರಿಗೆ ವಂಶರಾಜ ಎಂಬ ಹೆಸರೂ ಇದೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಊರಿಗೆ ಬಂದು, ತಮ್ಮ ಪಾಲಿಗೆ ಸೇರಿದ ಮನೆಗಳ ಮುಂದೆ ನಿಂತು ಆ ಮನೆತನದ ಮೂಲಪುರುಷನಿಂದ ಹಿಡಿದು ಇತ್ತೀಚಿನ ಕೂಸಿನವರೆಗೆ ಹೆಸರು ಹೇಳುತ್ತಾರೆ. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದವರನ್ನು ಬರೆದುಕೊಳ್ಳುತ್ತಾರೆ, ಕಾಳು, ಬಟ್ಟೆ, ದುಡ್ಡು ಪಡೆಯುತ್ತಾರೆ. ಯಾವ ಹೆಳವರ ಮನೆಗೆ ಯಾವ ಒಕ್ಕಲು ಎಂಬುದು ತಲೆಮಾರುಗಳಿಂದ ನಿಗದಿಯಾಗಿರುತ್ತದೆ.

ಉತ್ತರ ಭಾರತದಲ್ಲಿ ಹರಿದ್ವಾರದ ಪಂಡಾಗಳು ಬರೆದಿಡುವ ವಂಶಾವಳಿಯ ಪುಸ್ತಕಗಳು, ಅಂದರೆ ಬಹಿಗಳು, ಹೆಸರಾಗಿವೆ. ಅಮೆರಿಕದ ಯೂಟಾ ರಾಜ್ಯದ ಸಂಸ್ಥೆ ‘ಫ್ಯಾಮಿಲಿಸರ್ಚ್’ ಅಂಥ ತೀರ್ಥಕ್ಷೇತ್ರದ ಬಹಿಗಳ ಚಿತ್ರಗಳನ್ನು ತನ್ನ ತಾಣದಲ್ಲಿ ಇಟ್ಟಿದೆ. ಹೆಳವರ ಪುಸ್ತಕ ಅದಕ್ಕಿಂತ ಕಡಿಮೆಯದಲ್ಲ. ಕೆಲವು ವಿಷಯಗಳಲ್ಲಿ ಮೇಲು. ಪಂಡಾಗಳಿಗೆ ಯಾತ್ರೆಗೆ ಹೋದವರ ಹೆಸರು ಮಾತ್ರ ಸಿಗುತ್ತದೆ, ಹೆಳವರು ಮನೆಬಾಗಿಲಿಗೇ ಬರುತ್ತಾರೆ. ಅವರು ಬಂದಾಗ ಹತ್ತು ರೂಪಾಯಿ ಕೊಟ್ಟು ಸಾಗಹಾಕಬೇಡಿ. ಕೂರಿಸಿ, ಊಟ ಹಾಕಿ, ಹೇಳುವುದನ್ನು ಅವರ ಒಪ್ಪಿಗೆ ಪಡೆದು ಪೂರ್ತಿ ರೆಕಾರ್ಡ್ ಮಾಡಿ, ಅವರ ವಿದ್ಯೆಗೆ ತಕ್ಕ ಸಂಭಾವನೆ ಕೊಡಿ. ಆ ಪುಸ್ತಕ ಅವರ ಆಸ್ತಿ. ಚಿತ್ರ ತೆಗೆಯುವುದು ಅವರು ಒಪ್ಪಿದರೆ ಮಾತ್ರ.

ಮನೆಯಲ್ಲೇ ಕುಳಿತು ತೆರೆಯಬಹುದಾದ ಕಡತಗಳು

ಈಗ ಅಂತರ್ಜಾಲಕ್ಕೆ ಬರೋಣ. ಫ್ಯಾಮಿಲಿಸರ್ಚ್ ಪೂರ್ತಿ ಉಚಿತ. 1894ರಲ್ಲಿ ಯೂಟಾದಲ್ಲಿ ಶುರುವಾದ ವಂಶಾವಳಿ ಸಂಘವೇ ಅದರ ಮೂಲ, ನಡೆಸುವುದು ಅಲ್ಲಿನ ಒಂದು ಕ್ರೈಸ್ತ ಪಂಥ. ಖಾತೆ ತೆರೆದರೆ ಸಾಕು. ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗಾಗಿ ‘ಫಿಬಿಸ್’ ಎಂಬ ಸಂಘದ ಉಚಿತ ದತ್ತಾಂಶ ಇದೆ, ಆದರೆ ಅದು ಹೆಚ್ಚಾಗಿ ಯುರೋಪಿಯನ್ನರ, ಆಂಗ್ಲೋ-ಇಂಡಿಯನ್ನರ ಮನೆತನಗಳಿಗೆ ಸಂಬಂಧಿಸಿದ್ದು. ನಿಜ ಹೇಳಬೇಕೆಂದರೆ ಆದೋನಿಯ ರೈತ, ನೇಕಾರ, ಕೂಲಿ ಮನೆತನಗಳ ಹೆಸರು ಇಂಥ ಜಾಗತಿಕ ತಾಣಗಳಲ್ಲಿ ನೇರವಾಗಿ ಸಿಗುವುದು ಅಪರೂಪ. ಅವುಗಳನ್ನು ನಂಬಿ ಹೊರಟು ನಿರಾಶರಾಗಿ ಕೈಬಿಡುವುದಕ್ಕಿಂತ, ನಮ್ಮ ಊರುಗಳ ಮಾಹಿತಿ ಎಲ್ಲಿದೆಯೋ ಅಲ್ಲಿಗೆ ಹೋಗುವುದು ಮೇಲು.

ಮೊದಲನೆಯದು ಇಂಟರ್ನೆಟ್ ಆರ್ಕೈವ್. 1872ರಲ್ಲಿ ಜಾನ್ ಕೆಲ್ಸಾಲ್ ಬರೆದ ಬಳ್ಳಾರಿ ಜಿಲ್ಲೆಯ ಕೈಪಿಡಿ, 1904ರ ಡಬ್ಲ್ಯು. ಫ್ರಾನ್ಸಿಸ್ ಅವರ ಬಳ್ಳಾರಿ ಗೆಜೆಟಿಯರ್‌ಗಳಂಥ ಹಳೆಯ ಪುಸ್ತಕಗಳು ಸಿಗುವ ಜಾಗ ಅದು. ಗೆಜೆಟಿಯರಿನಲ್ಲಿ ಆದೋನಿ, ಆಲೂರು ತಾಲ್ಲೂಕುಗಳಿಗೆ ಬೇರೆ ಬೇರೆ ಭಾಗಗಳಿವೆ. ಸಮುದಾಯಗಳು, ಕಸುಬುಗಳು, ಸಂತೆಗಳು, ಬರಗಳ ವಿವರ ಇದೆ. ನಿಮ್ಮ ಮುತ್ತಜ್ಜನ ಹೆಸರು ಅದರಲ್ಲಿರದು, ಆದರೆ ಅವನು ಯಾವ ವರ್ಷ ಯಾಕೆ ಊರು ಬಿಟ್ಟ ಎಂಬುದಕ್ಕೆ ಕಾರಣ ಅಲ್ಲಿರಬಹುದು. ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಸಂಗ್ರಹದವರು ಏರಿಸಿರುವ ಸಾವಿರಾರು ಕನ್ನಡ ಪುಸ್ತಕಗಳೂ ಇಲ್ಲೇ ಇವೆ. ಜಾತಿ, ಮಠ, ಮನೆತನಗಳ ಬಗ್ಗೆ ಸಣ್ಣ ಊರುಗಳಲ್ಲಿ ಅಚ್ಚಾದ ಹೊತ್ತಗೆಗಳನ್ನು ಅಲ್ಲಿ ಹುಡುಕಿ ನೋಡಬೇಕು.

ಎರಡನೆಯದು ಶಾಸನಗಳು. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟದಲ್ಲಿ ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳಿವೆ. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದ ಅದರ ಮೊದಲ ಭಾಗ 1939ರಲ್ಲಿ ಬಂತು. ಹಳೆಯ ಬಳ್ಳಾರಿ ಜಿಲ್ಲೆಯ ಊರುಗಳಲ್ಲಿ ಗೌಡ, ಸೆಟ್ಟಿ, ಸೇನಬೋವರ ಹೆಸರುಗಳು ಕಲ್ಲಿನ ಮೇಲೆ ಹೇಗಿದ್ದವು ಎಂದು ಅದರಿಂದ ತಿಳಿಯುತ್ತದೆ. ಕರ್ನಲ್ ಮೆಕೆಂಜಿ ಊರೂರಿನ ಕರಣಿಕರಿಂದ ಬರೆಸಿಕೊಂಡ ಕೈಫಿಯತ್ತುಗಳು ಚೆನ್ನೈನ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಊರು ಕಟ್ಟಿದವರು ಯಾರು, ಗೌಡಿಕೆ ಯಾವ ಮನೆತನದ್ದು ಎಂಬ ಕಥೆಗಳು ಅವುಗಳಲ್ಲಿ ಬರುತ್ತವೆ.

ಮೂರನೆಯದು ಜನಗಣತಿಯ ಹಳೆಯ ಸಂಪುಟಗಳು. ಜನಗಣತಿ ಇಲಾಖೆಯ ತಾಣದಲ್ಲಿ ಇವು ಉಚಿತ. ವ್ಯಕ್ತಿಗಳ ಹೆಸರು ಇರುವುದಿಲ್ಲ. ಆದರೆ 1951ರ ಲೆಕ್ಕದಲ್ಲಿ ಆದೋನಿಯನ್ನು ಬಳ್ಳಾರಿಯಲ್ಲೂ 1961ರ ಲೆಕ್ಕದಲ್ಲಿ ಕರ್ನೂಲಿನಲ್ಲೂ ನೋಡಬೇಕೆಂಬುದು ಗೊತ್ತಿದ್ದರೆ, ಹಳ್ಳಿಯ ಹೆಸರುಗಳ ಹಳೆಯ ರೂಪ ಪತ್ತೆಯಾಗುತ್ತದೆ. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ್’ ತಾಣದಲ್ಲಿ ಊರಿನ ಹೆಸರು ಕೊಟ್ಟು ಕಡತಗಳ ಶೀರ್ಷಿಕೆ ಹುಡುಕಬಹುದು.

ಸಾಗರ ದಾಟಿದವರದು ಬೇರೆ ದಾರಿ. 1860ರ ನವೆಂಬರ್ 16ರಂದು ‘ಟ್ರೂರೊ’ ಹಡಗು ಮದ್ರಾಸಿನಿಂದ ಹೊರಟ ಕೂಲಿಗಳನ್ನು ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಇಳಿಸಿತು. ಆಮೇಲೆ ಸಾಲುಸಾಲಾಗಿ ಹಡಗುಗಳು ಹೋದವು. ನಟಾಲಿನ ಆ ಹಡಗುಗಳ ಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು ಎಂಬ ಕಾಲಂಗಳಿವೆ. ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯ ಅವುಗಳ ದತ್ತಾಂಶವನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ. ಮಾರಿಷಸ್‌ಗೆ ಹೋದವರ ದಾಖಲೆಗಳು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಬರಗಾಲದಲ್ಲಿ ಮನೆಯಿಂದ ಹೊರಟು ಮರಳಿ ಬಾರದ ದೊಡ್ಡಪ್ಪನೋ ಚಿಕ್ಕಪ್ಪನೋ ಇದ್ದರೆ, ‘ಬಳ್ಳಾರಿ’ ಎಂಬ ಕಾಲಂ ನೋಡುವುದು ತಪ್ಪದಿರಲಿ.

ಕಚೇರಿಯ ಬಾಗಿಲು

ಆಂಧ್ರದ ‘ಮೀಭೂಮಿ’ ತಾಣದಲ್ಲಿ ಮಂಡಲ, ಊರು, ಸರ್ವೆ ನಂಬರು ಕೊಟ್ಟರೆ ಅಡಂಗಲ್ ಮತ್ತು ಒನ್-ಬಿ ಕಾಣುತ್ತವೆ. ಹೊಲದ ಈಗಿನ ಹಿಡುವಳಿದಾರ ಮತ್ತು ಅವನ ತಂದೆಯ ಹೆಸರು ಅಲ್ಲಿಂದ ಸಿಗುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗಲು ತಹಸೀಲ್ದಾರ್ ಕಚೇರಿಯ ಆರ್‌.ಎಸ್‌.ಆರ್. ಬೇಕು. ಬ್ರಿಟಿಷರ ಕಾಲದ ಮರುಜಮಾಬಂದಿಯಲ್ಲಿ ತಯಾರಾದ ಆ ರಿಜಿಸ್ಟರಿನಲ್ಲಿ ಸರ್ವೆ ನಂಬರಿನ ಮುಂದೆ ಅಂದಿನ ಪಟ್ಟಾದಾರನ ಹೆಸರಿರುತ್ತದೆ. ಮಾಹಿತಿ ಹಕ್ಕಿನ ಅಡಿ ಅರ್ಜಿ ಹಾಕಿ ನಕಲು ಪಡೆಯಬಹುದು. ಒಂದು ಎಚ್ಚರಿಕೆ: ಆಂಧ್ರದಲ್ಲಿ 2020ರ ಕೊನೆಯಿಂದ ಭೂಮಿಯ ಮರುಸರ್ವೆ ನಡೆಯುತ್ತಿದೆ. ಅದು ಮುಗಿದ ಊರುಗಳಲ್ಲಿ ಹಳೆಯ ಸರ್ವೆ ನಂಬರಿನ ಬದಲು ಎಲ್‌.ಪಿ.ಎಂ. ಸಂಖ್ಯೆ ಬಂದಿದೆ. ನಿಮ್ಮ ಹೊಲದ ಹಳೆಯ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಹಳೆಯ ರಿಜಿಸ್ಟರಿಗೂ ಹೊಸ ದಾಖಲೆಗೂ ನಡುವಿನ ಕೊಂಡಿ ಕಳೆದುಹೋಗುತ್ತದೆ.

ಗುಡಿ, ಮಸೀದಿ, ಮಠ, ಊರಿನ ಚಾಕರಿಗಾಗಿ ಇನಾಮು ಪಡೆದ ಮನೆತನಗಳಿಗೆ ಇನ್ನೂ ಒಳ್ಳೆಯ ದಾಖಲೆ ಇದೆ. ಮದ್ರಾಸ್ ಪ್ರಾಂತ್ಯದಲ್ಲಿ 1858ರಲ್ಲಿ ನೇಮಕವಾದ ಇನಾಮು ಆಯೋಗ ಪ್ರತಿ ಇನಾಮನ್ನೂ ವಿಚಾರಿಸಿ ರಿಜಿಸ್ಟರು ಬರೆಯಿತು. ಮೂಲದಲ್ಲಿ ಇನಾಮು ಪಡೆದವರು ಯಾರು, ಈಗ ಅನುಭವಿಸುತ್ತಿರುವವರು ಯಾರು, ಅವರಿಬ್ಬರಿಗೂ ಏನು ಸಂಬಂಧ ಎಂಬ ಕಾಲಂಗಳೇ ಅದರಲ್ಲಿವೆ. ಅರ್ಚಕರು, ಜಂಗಮರು, ಖಾಜಿಗಳಷ್ಟೇ ಅಲ್ಲ, ತಳವಾರ, ನೀರುಗಂಟಿ, ಕುಂಬಾರ, ಬಡಗಿ, ಕಮ್ಮಾರರ ಮನೆತನಗಳೂ ಇದರಲ್ಲಿ ಬರುತ್ತವೆ. ಪ್ರಾಂತ್ಯದ ಹಳೆಯ ಕಂದಾಯ ಕಡತಗಳ ದೊಡ್ಡ ಭಂಡಾರ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ.

ಊರಿನ ಲೆಕ್ಕ ಬರೆಯುತ್ತಿದ್ದ ಕರಣಂ ಹುದ್ದೆಯನ್ನು ಆಂಧ್ರ ಸರ್ಕಾರ 1984ರ ಜನವರಿಯಲ್ಲಿ ರದ್ದು ಮಾಡಿತು. ಆ ಮನೆತನಗಳ ಅಟ್ಟಗಳಲ್ಲಿ ಹಳೆಯ ಚಿಟ್ಟಾ, ಅಡಂಗಲ್, ಜನನ-ಮರಣದ ಪಟ್ಟಿಗಳ ಪ್ರತಿ ಉಳಿದಿರುವ ಸಾಧ್ಯತೆ ಇದೆ. ಗೌರವದಿಂದ ಕೇಳಿ ನೋಡಬೇಕು. ಊರಿನ ಶಾಲೆಯ ದಾಖಲಾತಿ ರಿಜಿಸ್ಟರನ್ನೂ ಮರೆಯಬಾರದು. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಹಿಂದೆ ಓದಿದ ಶಾಲೆ ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತದೆ. ಹೊಲವೇ ಇಲ್ಲದ ಮನೆಯವರಿಗೆ ಬಹಳ ಸಲ ಇದೇ ಅತ್ಯಂತ ಹಳೆಯ ಲಿಖಿತ ಆಧಾರ.

ಬರೆದಿಡುವ ಉಪಕರಣ

ಸಿಕ್ಕದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದರೆ ನಾಲ್ಕನೆಯ ತಲೆಮಾರಿಗೆ ಹಾಳೆ ಸಾಲುವುದಿಲ್ಲ. ಇದಕ್ಕೆ ‘ಗ್ರ್ಯಾಂಪ್ಸ್’ ಎಂಬ ಮುಕ್ತ ತಂತ್ರಾಂಶವಿದೆ. 2001ರಲ್ಲಿ ಶುರುವಾದ ಯೋಜನೆ, ಸ್ವಯಂಸೇವಕರು ಬೆಳೆಸುತ್ತಿದ್ದಾರೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಹಣ ಕೊಡಬೇಕಿಲ್ಲ, ಮಾಹಿತಿ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ತುಂಬಬಹುದು, ತೆಲುಗು, ಉರ್ದು, ಇಂಗ್ಲಿಷ್ ಕಾಗದಗಳಲ್ಲಿನ ರೂಪಗಳನ್ನು ಪರ್ಯಾಯ ಹೆಸರಾಗಿ ಸೇರಿಸಬಹುದು.

ಆದೋನಿಯವರಿಗೆ ಇದು ಹೇಳಿ ಮಾಡಿಸಿದಂತಿರುವುದು ಸ್ಥಳದ ವಿಷಯದಲ್ಲಿ. ಗ್ರ್ಯಾಂಪ್ಸ್‌ನಲ್ಲಿ ಒಂದು ಊರು ಯಾವ ದಿನಾಂಕದವರೆಗೆ ಯಾವ ಜಿಲ್ಲೆಯಲ್ಲಿತ್ತು, ಆಮೇಲೆ ಯಾವುದಕ್ಕೆ ಸೇರಿತು ಎಂದು ಕಾಲಾವಧಿಯ ಸಮೇತ ದಾಖಲಿಸಬಹುದು. ಆದೋನಿಗೆ 1953ರ ಸೆಪ್ಟೆಂಬರ್ ಮುಗಿಯುವವರೆಗೆ ಬಳ್ಳಾರಿ, ಅಲ್ಲಿಂದ ಕರ್ನೂಲು ಎಂದು ಒಮ್ಮೆ ಹೇಳಿಟ್ಟರೆ, 1950ರಲ್ಲಿ ಹುಟ್ಟಿದ ಅಣ್ಣನಿಗೆ ಬಳ್ಳಾರಿ ಜಿಲ್ಲೆಯೆಂದೂ 1954ರ ಅಕ್ಕನಿಗೆ ಕರ್ನೂಲು ಜಿಲ್ಲೆಯೆಂದೂ ತಾನೇ ತೋರಿಸುತ್ತದೆ. ‘ಸುಮಾರು 1918’, ‘1948ಕ್ಕಿಂತ ಮುಂಚೆ’ ಎಂಬಂಥ ಅಂದಾಜಿನ ದಿನಾಂಕಗಳಿಗೂ ಜಾಗವಿದೆ. ಹಿಜರಿ ಪಂಚಾಂಗದ ತಾರೀಖನ್ನು ಹಾಗೆಯೇ ಬರೆಯಬಹುದು. ನಮ್ಮ ಸಂವತ್ಸರಗಳಿಗೆ ಆ ಸೌಲಭ್ಯವಿಲ್ಲ, ಅವನ್ನು ಟಿಪ್ಪಣಿಯಲ್ಲಿ ಬರೆಯಬೇಕು.

ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ಪದ್ಧತಿ ನಮ್ಮಲ್ಲಿ ಸಾಮಾನ್ಯ. ಒಬ್ಬರೇ ಹಿರಿಯರು ತಂದೆಯ ಕಡೆಯಿಂದ ತಾತ, ತಾಯಿಯ ಕಡೆಯಿಂದ ಮುತ್ತಾತ ಆಗುತ್ತಾರೆ. ಕಾಗದದ ಮೇಲೆ ಇಂಥ ವಂಶವೃಕ್ಷ ಬರೆಯುವುದು ತ್ರಾಸು. ತಂತ್ರಾಂಶದಲ್ಲಿ ಒಬ್ಬ ವ್ಯಕ್ತಿಯನ್ನು ಒಮ್ಮೆ ಸೇರಿಸಿ, ಎಷ್ಟು ಕುಟುಂಬಗಳಿಗೆ ಬೇಕಾದರೂ ಜೋಡಿಸಬ‌ಹುದು. ಹೀಗೆ ನೆಂಟರಲ್ಲೇ ಮದುವೆಯಾಗುವ ಕಾರಣಕ್ಕೆ, ದುಡ್ಡು ತೆಗೆದುಕೊಂಡು ಮಾಡುವ ಡಿಎನ್‌ಎ ಪರೀಕ್ಷೆಗಳು ನಮ್ಮ ಕಡೆಯವರಿಗೆ ಸಂಬಂಧವನ್ನು ಇರುವುದಕ್ಕಿಂತ ಹತ್ತಿರದ್ದೆಂದು ತೋರಿಸಬಹುದು ಎಂಬುದೂ ತಿಳಿದಿರಲಿ.

ನೆಂಟರೆಲ್ಲ ಸೇರಿ ಒಂದೇ ಕಡೆ ತುಂಬಬೇಕೆಂದರೆ ‘ವೆಬ್‌ಟ್ರೀಸ್’ ಎಂಬ ಇನ್ನೊಂದು ಮುಕ್ತ ತಂತ್ರಾಂಶವಿದೆ. ಅದಕ್ಕೆ ಸರ್ವರ್ ಬೇಕು, ಕಂಪ್ಯೂಟರ್ ಬಲ್ಲ ಮೊಮ್ಮಗ ಇದ್ದರೆ ಕಷ್ಟವಲ್ಲ. ಯಾವುದನ್ನು ಬಳಸಿದರೂ ‘ಜೆಡ್‌ಕಾಮ್’ ಎಂಬ ನಮೂನೆಯಲ್ಲಿ ಪ್ರತಿ ತೆಗೆದಿಟ್ಟುಕೊಳ್ಳಿ. 1984ರಿಂದ ಬಳಕೆಯಲ್ಲಿರುವ ಈ ನಮೂನೆಯನ್ನು ಹೆಚ್ಚುಕಡಿಮೆ ಎಲ್ಲ ವಂಶಾವಳಿ ತಂತ್ರಾಂಶಗಳೂ ಓದುತ್ತವೆ. ಒಂದು ಕಂಪನಿ ಮುಚ್ಚಿದರೂ ಮನೆತನದ ಲೆಕ್ಕ ಮುಳುಗುವುದಿಲ್ಲ.

ಲಿಪಿಯ ತೊಡಕಿಗೂ ಪರಿಹಾರವಿದೆ. ವಿನೋದ್ ರಾಜನ್ ರೂಪಿಸಿದ ‘ಅಕ್ಷರಮುಖ’ ತೆಲುಗು ಲಿಪಿಯ ಪಠ್ಯವನ್ನು ಕ್ಷಣದಲ್ಲಿ ಕನ್ನಡ ಲಿಪಿಗೆ ತರುತ್ತದೆ, ಕನ್ನಡದಿಂದ ತೆಲುಗಿಗೂ ಸರಿ. ಅಚ್ಚಾದ ಪುಟದ ಚಿತ್ರದಿಂದ ಅಕ್ಷರ ಎತ್ತಲು ‘ಟೆಸೆರಾಕ್ಟ್’ ಕನ್ನಡಕ್ಕೂ ತೆಲುಗಿಗೂ ಇದೆ, ಫೋನಿನ ಗೂಗಲ್ ಲೆನ್ಸ್ ಕೂಡ ಈ ಕೆಲಸ ಮಾಡುತ್ತದೆ. ಆದರೆ ಕರಣಂ ಬರೆದ ಮೋಡಿ ಅಕ್ಷರ, ಸಂಕ್ಷೇಪ, ಮಾಸಿದ ಶಾಯಿಯ ಮುಂದೆ ಯಂತ್ರ ಸೋಲುತ್ತದೆ. ಅಲ್ಲಿ ಓದಬಲ್ಲ ಮನುಷ್ಯರೇ ಬೇಕು. ಆದೋನಿ, ಆಲೂರಿನ ಕನ್ನಡ ಮಕ್ಕಳಲ್ಲಿ ತೆಲುಗು ಇಲ್ಲವೇ ಇಂಗ್ಲಿಷ್ ಮಾಧ್ಯಮದಲ್ಲಿ ಓದುವವರು ಹೆಚ್ಚುತ್ತಿದ್ದಾರೆ. ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ತಾತನ ಪತ್ರ ಓದಲು ಬರುವುದಿಲ್ಲ. ಮಗುವಿಗೆ ಒಂದು ರಜೆಯಲ್ಲಿ ಕನ್ನಡ ಅಕ್ಷರ ಕಲಿಸುವುದೂ ವಂಶಾವಳಿಯ ಕೆಲಸವೇ.

ಬಿಟ್ಟುಹೋದವರು

ಹಳೆಯ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳಿಲ್ಲ. ಅಪ್ಪ, ಅವನ ಅಪ್ಪ, ಅವನ ಅಪ್ಪ ಎಂದು ಸಾಗುವ ಪಟ್ಟಿಯಲ್ಲಿ ಹೆತ್ತ ತಾಯಂದಿರ ಹೆಸರೇ ಇರುವುದಿಲ್ಲ. ಗಂಡನ ಮನೆಗೆ ಬಂದ ಮೇಲೆ ಹೆಸರೇ ಬದಲಾದವರೂ ಇದ್ದಾರೆ. ಪ್ರತಿ ಹೆಣ್ಣುಮಗಳಿಗೂ ಹುಟ್ಟಿದ ಹೆಸರು, ತವರೂರು, ತಾಯಿಯ ಹೆಸರು, ಈ ಮೂರನ್ನು ಕೇಳಿ ಬರೆಯದೆ ಮುಂದಕ್ಕೆ ಹೋಗಬಾರದು.

ಈ ಸೀಮೆಗೆ ಇನ್ನೊಂದು ನೋವಿನ ಸಂಗತಿಯೂ ಇದೆ. ಹೆಣ್ಣುಮಗಳನ್ನು ದೇವರ ಹೆಸರಿನಲ್ಲಿ ಬಸವಿ ಬಿಡುವ ಪದ್ಧತಿ ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ ವ್ಯಾಪಕವಾಗಿತ್ತು. ಆಂಧ್ರಪ್ರದೇಶ 1988ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಿತು. ಆ ತಾಯಂದಿರ ಮಕ್ಕಳಿಗೆ ವಂಶ ನಡೆದದ್ದು ತಾಯಿಯಿಂದ. ‘ತಂದೆಯ ಹೆಸರು’ ಎಂಬ ಕಾಲಂ ಅವರನ್ನು ಕಾಡಿದಷ್ಟು ಬೇರೆ ಯಾರನ್ನೂ ಕಾಡಿಲ್ಲ. ಗ್ರ್ಯಾಂಪ್ಸ್‌ನಲ್ಲಿ ತಾಯಿಯೊಬ್ಬಳಿಂದಲೇ ಕುಟುಂಬ ದಾಖಲಿಸಬಹುದು, ತಂದೆಯ ಜಾಗ ಖಾಲಿ ಬಿಟ್ಟರೆ ತಂತ್ರಾಂಶ ತಕರಾರು ಮಾಡುವುದಿಲ್ಲ. ಆ ಮನೆಗಳ ವಂಶವೃಕ್ಷ ಉಳಿದವರದರಷ್ಟೇ ಪೂರ್ಣ, ಅಷ್ಟೇ ಗೌರವದ್ದು.

ಇಂಥ ಸಂಗತಿಗಳು ಇರುವುದರಿಂದಲೇ ಬದುಕಿರುವವರ ವಿವರ ಹಂಚುವಾಗ ಎಚ್ಚರ ಬೇಕು. ಜನ್ಮದಿನಾಂಕ, ವಿಳಾಸ, ಆಧಾರ್ ಸಂಖ್ಯೆ, ಭೂದಾಖಲೆಯ ಚಿತ್ರಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಗ್ರ್ಯಾಂಪ್ಸ್‌ನಲ್ಲಿ ಯಾವುದೇ ವಿವರವನ್ನು ಖಾಸಗಿ ಎಂದು ಗುರುತು ಮಾಡಬಹುದು, ಬದುಕಿರುವವರನ್ನು ಬಿಟ್ಟು ಉಳಿದದ್ದನ್ನಷ್ಟೇ ಹೊರಗೆ ಕೊಡಬಹುದು. ಮನೆಯ ಗುಟ್ಟೊಂದನ್ನು ಹಿರಿಯರು ನಂಬಿ ಹೇಳಿದರೆ, ಅದನ್ನು ಬರೆಯುವ ಮುನ್ನ ಅವರನ್ನೇ ಕೇಳಬೇಕು.

ಮೂರು ಸರ್ಕಾರಗಳ ಹೊಣೆ

ಮನೆಯವರು ಮಾಡಬಹುದಾದದ್ದು ಇಷ್ಟು. ಉಳಿದದ್ದು ಸರ್ಕಾರಗಳ ಕೈಯಲ್ಲಿದೆ. ಕರ್ನಾಟಕ ಸರ್ಕಾರ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಸಿರುಗುಪ್ಪದ ಮನೆತನಕ್ಕೆ ಅದರ ಲಾಭ ಸಿಗುತ್ತದೆ. ಅದೇ ಮನೆತನದ ಹೊಳಗುಂದದ ದಾಯಾದಿಗಳ ಕಾಗದ ಆಂಧ್ರದ ತಹಸೀಲ್ದಾರ್ ಕಚೇರಿಯಲ್ಲಿರುತ್ತದೆ, ಅವರಿಬ್ಬರ ತಾತನ ಇನಾಮಿನ ಕಾಗದ ಚೆನ್ನೈನಲ್ಲಿರುತ್ತದೆ. ಹಳೆಯ ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳ ಇನಾಮು ರಿಜಿಸ್ಟರು, ಜಮಾಬಂದಿ ದಾಖಲೆ, ಕೈಫಿಯತ್ತುಗಳನ್ನು ಆಂಧ್ರಪ್ರದೇಶ, ಕರ್ನಾಟಕ, ತಮಿಳುನಾಡು ಮೂರೂ ಕೂಡಿ ಒಂದೇ ತಾಣದಲ್ಲಿ ತೆರೆದಿಟ್ಟರೆ, 1953ರಲ್ಲಿ ಬೇರೆಯಾದ ಮನೆತನಗಳು ಮತ್ತೆ ಒಂದೇ ಪುಟದಲ್ಲಿ ಓದಲು ಸಿಗುತ್ತವೆ. ಇದು ಯಾವ ಗಡಿಯನ್ನೂ ಪ್ರಶ್ನಿಸುವ ಬೇಡಿಕೆಯಲ್ಲ. ಸೀಮೆ ಹಂಚಿಕೊಂಡವರು ಅದರ ಕಾಗದವನ್ನೂ ಹಂಚಿಕೊಳ್ಳಲಿ ಎಂಬ ನ್ಯಾಯದ ಮಾತು.

ಅದಾಗುವವರೆಗೆ ಕಾಯಬೇಕಿಲ್ಲ. ಆದೋನಿ, ಆಲೂರು, ಎಮ್ಮಿಗನೂರಿನ ಕಾಲೇಜುಗಳ ಇತಿಹಾಸ ವಿಭಾಗಗಳು ವಿದ್ಯಾರ್ಥಿಗಳಿಗೆ ತಮ್ಮ ಮನೆತನದ ನಾಲ್ಕು ತಲೆಮಾರನ್ನೇ ಪ್ರಾಜೆಕ್ಟ್ ಕೆಲಸವಾಗಿ ಕೊಡಬಹುದು. ಬೇಕಾಗುವುದು ಒಂದು ಫೋನು, ಒಂದು ಉಚಿತ ತಂತ್ರಾಂಶ, ಹಿರಿಯರ ಬಳಿ ಕೂರಲು ಕೆಲವು ಸಂಜೆಗಳು. ಸುಗ್ಗಿಗೆಂದು ಗುಂಟೂರಿಗೋ ಕೆಲಸಕ್ಕೆಂದು ಬೆಂಗಳೂರಿಗೋ ವಲಸೆ ಹೋಗುವ ಕೂಲಿ ಮನೆಯ ಹುಡುಗಿಯೂ ಇದನ್ನು ಮಾಡಬಲ್ಲಳು. ಅವಳ ಮುತ್ತಜ್ಜಿಯ ಹೆಸರು ಯಾವ ಸರ್ಕಾರಿ ರಿಜಿಸ್ಟರಿನಲ್ಲೂ ಇಲ್ಲದಿರಬಹುದು. ಅವಳು ಕೇಳಿ ಬರೆದ ದಿನ ಆ ಹೆಸರಿಗೆ ಮೊದಲ ದಾಖಲೆ ಹುಟ್ಟುತ್ತದೆ, ಮುಂದೆ ಹುಡುಕುವವರಿಗೆ ಅದೇ ಆಧಾರವಾಗುತ್ತದೆ.